ಮೂರು ಪೆಟ್ಟಿಗೆ, ಮೂರು ತಂತ್ರಾಂಶ: ಬಯಲಾಟದ ಸಂಕಲನಕ್ಕೆ ಒದಗಿದ್ದು ಯಾವುದು

ಕರಾವಳಿಯ ಯಕ್ಷಗಾನ ಬಯಲಾಟಗಳನ್ನು ಮೂರು ಕ್ಯಾಮರಾಗಳಲ್ಲಿ ಚಿತ್ರೀಕರಿಸಿ, ಪೂರ್ಣ ಪ್ರಸಂಗವನ್ನು ಸಂಕಲಿಸಿ ಕೊಡುವುದು ನಮ್ಮ ಸಣ್ಣ ಸ್ಟುಡಿಯೋದ ಮುಖ್ಯ ಕೆಲಸ. ಎಚ್‌ಡಿ ಕಾಲದಲ್ಲಿ ಕೊಂಡ ಕಂಪ್ಯೂಟರು ಹಲವು ವರ್ಷ ದುಡಿಯಿತು. ಕ್ಯಾಮರಾಗಳನ್ನು 4ಕೆ ಅಳತೆ, ಸೆಕೆಂಡಿಗೆ 50 ಫ್ರೇಮ್, 10 ಬಿಟ್, 4:2:2 ಬಣ್ಣದ ಎಚ್.265 ದಾಖಲೆಗೆ ಏರಿಸಿದ ಮೊದಲ ಆಟಕ್ಕೇ ಅದು ಕೈಚೆಲ್ಲಿತು. (ಎಚ್.265 ಎಂದರೆ ವೀಡಿಯೊ ಕುಗ್ಗಿಸಿಡುವ ವಿಧಾನ, 10 ಬಿಟ್ ಎಂದರೆ ಬಣ್ಣದ ಹೆಚ್ಚು ಸೂಕ್ಷ್ಮ ಮೆಟ್ಟಿಲುಗಳು, 4:2:2 ಎಂದರೆ ಸಾಮಾನ್ಯ 4:2:0ಗಿಂತ ಹೆಚ್ಚು ಬಣ್ಣದ ವಿವರ.) ಹೊಸ ವ್ಯವಸ್ಥೆಗೆ ಹಣ ಹಾಕುವ ಮೊದಲು, ಒಂದೇ ಆಟದ ಫುಟೇಜನ್ನು ಬೇರೆ ಬೇರೆ ಯಂತ್ರಗಳಲ್ಲಿ ಕೂರಿಸಿ ನೋಡಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಫುಟೇಜಿನ ಗಾತ್ರವನ್ನು ಮೊದಲು ಹೇಳಬೇಕು. ನಮ್ಮ ಕ್ಯಾಮರಾಗಳು ಈ ವಿಧಾನದಲ್ಲಿ ಸೆಕೆಂಡಿಗೆ 200 ಮೆಗಾಬಿಟ್ ಬರೆಯುತ್ತವೆ, ಎಂದರೆ ಗಂಟೆಗೆ 90 ಜಿಬಿ. ಐದು ಗಂಟೆಯ ಆಟಕ್ಕೆ ಮೂರು ಕ್ಯಾಮರಾಗಳಿಂದ 1,350 ಜಿಬಿ ಸಂಗ್ರಹವಾಗುತ್ತದೆ. ಪ್ರಯೋಗಕ್ಕೆ ಸಿಕ್ಕ ಯಂತ್ರಗಳು ಮೂರು. ಮೊದಲನೆಯದು ಗೆಳೆಯರೊಬ್ಬರ ಬಳಿಯಿದ್ದ ಎಎಂಡಿ ರೈಜೆನ್ 9 7950ಎಕ್ಸ್ ಪೆಟ್ಟಿಗೆ, ಅದರಲ್ಲಿ ಎನ್ವಿಡಿಯಾ ಆರ್‌ಟಿಎಕ್ಸ್ 4070 ಕಾರ್ಡು ಇತ್ತು. ಎರಡನೆಯದು ಅಂಗಡಿಯವರು ನಮಗಾಗಿ ಜೋಡಿಸಿದ ಇಂಟೆಲ್ ಕೋರ್ ಐ7-14700ಕೆ, ಅದೇ ಮಾದರಿಯ ಕಾರ್ಡಿನೊಡನೆ. ಎರಡರಲ್ಲೂ 64 ಜಿಬಿ ರ‍್ಯಾಮ್. ಮೂರನೆಯದು ಬಾಡಿಗೆಗೆ ತಂದ ಆ್ಯಪಲ್ ಮ್ಯಾಕ್ ಮಿನಿ, ಎಂ4 ಪ್ರೊ ಚಿಪ್ಪು, 24 ಜಿಬಿ ಮೆಮೊರಿ.

ಕಾಗದದ ಮೇಲೆ ನೋಡಿದರೆ ಎಎಂಡಿಯದೇ ಮೇಲುಗೈ. ಅದರಲ್ಲಿ 16 ಪೂರ್ಣಶಕ್ತಿಯ ಕೋರ್‌ಗಳಿವೆ, ಪಕ್ಕದಲ್ಲಿ ಒಳ್ಳೆಯ ಕಾರ್ಡೂ ಇದೆ. ಒಂದು ಕ್ಯಾಮರಾದ ದೃಶ್ಯವನ್ನು ಅದು ತೊಂದರೆಯಿಲ್ಲದೆ ಓಡಿಸಿತು. ಮೂರು ಕ್ಯಾಮರಾಗಳನ್ನು ಚೆಂಡೆಯ ಪೆಟ್ಟಿನ ಸದ್ದಿಗೆ ಹೊಂದಿಸಿ ಮಲ್ಟಿಕ್ಯಾಮ್ ಟೈಮ್‌ಲೈನ್ ಕಟ್ಟಿದ ಮೇಲೆ ಕಥೆ ಬದಲಾಯಿತು. ವೇಷಧಾರಿ ಧೀಂಗಿಣಕ್ಕೆ (ಗಿರಗಿರ ತಿರುಗುತ್ತ ಹಾರುವ ಕುಣಿತಕ್ಕೆ) ಎದ್ದ ಜಾಗದಲ್ಲಿ ಪರೀಕ್ಷಿಸಿದೆವು: ಚೆಂಡೆಯ ಸದ್ದು ಮುಂದೆ ಹೋಗುತ್ತಿತ್ತು, ವೇಷ ಮಾತ್ರ ಗಾಳಿಯಲ್ಲಿ ಅರ್ಧ ತಿರುಗಿ ನಿಂತಿರುತ್ತಿತ್ತು, ಮರುಕ್ಷಣ ನೆಲದ ಮೇಲಿರುತ್ತಿತ್ತು. ಯಾವ ಸುತ್ತಿನ ಯಾವ ಹಂತದಲ್ಲಿ ಕ್ಯಾಮರಾ ಬದಲಿಸಬೇಕೆಂದು ನಿರ್ಧರಿಸುವುದೇ ನಮ್ಮ ಕೆಲಸವಾದ್ದರಿಂದ, ಆ ನಡುವಿನ ಫ್ರೇಮುಗಳು ಕಾಣದ ಯಂತ್ರದಿಂದ ನಮಗೆ ಪ್ರಯೋಜನವಿಲ್ಲ.

ಕಾರಣ ತಿಳಿಯಲು ಟಾಸ್ಕ್ ಮ್ಯಾನೇಜರ್ ತೆರೆದಾಗ, ಪ್ರೊಸೆಸರ್ ತುಂಬಿ ತುಳುಕುತ್ತಿತ್ತು, ದುಬಾರಿ ಕಾರ್ಡಿನ ವೀಡಿಯೊ ಡಿಕೋಡ್ ರೇಖೆ ಮಾತ್ರ ಸೊನ್ನೆಯಲ್ಲಿ ಮಲಗಿತ್ತು. ಎಚ್.265 ಕಡತದಲ್ಲಿ ಪ್ರತಿ ಫ್ರೇಮೂ ಪೂರ್ಣ ಚಿತ್ರವಲ್ಲ. ಹೆಚ್ಚಿನವು ಹಿಂದು ಮುಂದಿನ ಫ್ರೇಮುಗಳಿಗಿಂತ ಏನು ಬದಲಾಯಿತೆಂಬ ಲೆಕ್ಕವನ್ನಷ್ಟೇ ಇಟ್ಟುಕೊಂಡಿರುತ್ತವೆ. ಅದನ್ನು ಬಿಡಿಸಲು (ಡಿಕೋಡ್ ಮಾಡಲು) ಚಿಪ್ಪುಗಳಲ್ಲಿ ಪ್ರತ್ಯೇಕ ಮಂಡಲವೊಂದು ಇರುತ್ತದೆ. ಆದರೆ ಎನ್ವಿಡಿಯಾದ 30 ಮತ್ತು 40 ಸರಣಿಯ ಕಾರ್ಡುಗಳಲ್ಲಿ ಆ ಮಂಡಲಕ್ಕೆ 4:2:0 ಬಣ್ಣದ ಎಚ್.265 ಗೊತ್ತು, 4:2:2 ಗೊತ್ತಿಲ್ಲ. ಈ ರೈಜೆನ್ನಿನೊಳಗಿನ ಗ್ರಾಫಿಕ್ಸಿಗೂ ಗೊತ್ತಿಲ್ಲ. ಹೀಗಾಗಿ ಇಡೀ ಹೊರೆ ಪ್ರೊಸೆಸರಿನ ಸಾಮಾನ್ಯ ಕೋರ್‌ಗಳ ತಲೆಗೆ ಬೀಳುತ್ತದೆ. ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಅಂತರ್ಗತ ಗ್ರಾಫಿಕ್ಸಿನಲ್ಲಿರುವ ಕ್ವಿಕ್ ಸಿಂಕ್ ಎಂಬ ಇಂಥದೇ ಮಂಡಲ 10 ಬಿಟ್ 4:2:2 ಎಚ್.265 ಅನ್ನು ಬಿಡಿಸಬಲ್ಲುದು. ಆ್ಯಪಲ್‌ನ ಎಂ ಸರಣಿಯ ಚಿಪ್ಪುಗಳೂ ಬಿಡಿಸಬಲ್ಲವು. ಯಾರೂ ಲೆಕ್ಕಕ್ಕೆ ಹಿಡಿಯದ ಈ ಅಂತರ್ಗತ ಗ್ರಾಫಿಕ್ಸು, ನಮ್ಮ ಕೆಲಸದ ಮಟ್ಟಿಗೆ ದೊಡ್ಡ ಕಾರ್ಡಿಗಿಂತ ಮುಖ್ಯವಾಯಿತು.

ಇಲ್ಲಿಯೇ ನಾವು ಎಡವುವುದರಲ್ಲಿದ್ದೆವು. ಅಂಗಡಿಯವರು ಮೊದಲು ಕೊಟ್ಟ ಪಟ್ಟಿಯಲ್ಲಿದ್ದದ್ದು 14700ಕೆ ಅಲ್ಲ, 14700ಕೆಎಫ್. ಬೆಲೆ ತುಸು ಕಡಿಮೆ. ‘ಹೇಗೂ ಕಾರ್ಡು ಹಾಕ್ತೀರಲ್ಲ ಸರ್, ಒಳಗಿನ ಗ್ರಾಫಿಕ್ಸ್ ಯಾಕೆ?’ ಎಂದು ಅವರು ಕೇಳಿದ್ದು ಕಂಪ್ಯೂಟರ್ ಗೇಮ್ ಆಡುವವರ ಮಟ್ಟಿಗೆ ಸರಿಯಾದ ಮಾತೇ. ಆದರೆ ಹೆಸರಿನ ಕೊನೆಯ ಆ ಎಫ್ ಅಕ್ಷರದ ಅರ್ಥವೇ ಅಂತರ್ಗತ ಗ್ರಾಫಿಕ್ಸ್ ಇಲ್ಲವೆಂದು. ಅದನ್ನು ಕೊಂಡಿದ್ದರೆ ಎಎಂಡಿ ಪೆಟ್ಟಿಗೆಯ ಸ್ಥಿತಿಯೇ ನಮಗೆ ಬರುತ್ತಿತ್ತು. ಪಟ್ಟಿ ತಿದ್ದಿಸಿ ತಂದ ಮೇಲೂ ಮೊದಲ ದಿನ ದೃಶ್ಯ ಮುಗ್ಗರಿಸಿತು. ಕಾರ್ಡು ಹಾಕಿದೊಡನೆ ಮದರ್‌ಬೋರ್ಡು ಒಳಗಿನ ಗ್ರಾಫಿಕ್ಸನ್ನು ತಾನಾಗಿಯೇ ನಿಷ್ಕ್ರಿಯಗೊಳಿಸಿಬಿಟ್ಟಿತ್ತು. ಬಯಾಸ್‌ಗೆ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗುಗಳಿಗೆ) ಹೋಗಿ ಅದನ್ನು ಚಾಲೂ ಮಾಡಿ, ತಂತ್ರಾಂಶದ ಆದ್ಯತೆಗಳಲ್ಲಿ ಕ್ವಿಕ್ ಸಿಂಕ್ ಆರಿಸಿದ ಮೇಲೆ ಮೂರೂ ಕ್ಯಾಮರಾ ಒಟ್ಟಿಗೆ ಓಡಿದವು, ಧೀಂಗಿಣದ ಪ್ರತಿ ಸುತ್ತೂ ಕಾಣಿಸಿತು. ಬಯಾಸ್ ವಿಷಯ ಬಂದಿರುವುದರಿಂದ ಇದನ್ನೂ ಹೇಳಬೇಕು: ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಅಸ್ಥಿರತೆ ಉಂಟಾಗುತ್ತಿದ್ದುದಕ್ಕೆ 2024ರಲ್ಲಿ ಬಯಾಸ್ ಮೂಲಕ ಪ್ರೊಸೆಸರಿಗೆ ಸೇರುವ ಹೊಸ ಮೈಕ್ರೊಕೋಡ್ (ಒಳಗಿನ ಆದೇಶಗಳು) ಬಂತು, ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿದರು. ಹಾಗಾಗಿ ಬಯಾಸ್ ನವೀಕರಿಸದೆ ಆ ಯಂತ್ರದಲ್ಲಿ ಒಂದು ದಿನವೂ ಕೆಲಸ ಮಾಡಬಾರದು.

ಬರೀ ಕತ್ತರಿಸುವ ಕೆಲಸವನ್ನು ನೋಡಿದರೆ ಮ್ಯಾಕ್ ಮಿನಿಯನ್ನು ಮೆಚ್ಚದಿರಲು ಸಾಧ್ಯವಿಲ್ಲ. ಪೆಟ್ಟಿಗೆ ಅಂಗೈಯಗಲ, ಸದ್ದಿಲ್ಲ, ಟೈಮ್‌ಲೈನನ್ನು ಹಿಂದಕ್ಕೆ ಎಳೆದರೂ ಚಿತ್ರ ತಡವರಿಸಲಿಲ್ಲ. ಭಾಗವತರ ಪದ್ಯದ ಉಸಿರು ಎಲ್ಲಿ ಮುಗಿಯುತ್ತದೆಂದು ಕೇಳಿ ಕತ್ತರಿಸುವವರಿಗೆ ಫ್ಯಾನಿನ ಸದ್ದಿಲ್ಲದ ಕೋಣೆ ಎಷ್ಟು ಮುಖ್ಯವೆಂಬುದು ಅದನ್ನು ಹಿಂದಿರುಗಿಸಿದ ಮೇಲೆಯೇ ನನಗೆ ಅರಿವಾದದ್ದು.

ಲೆಕ್ಕ ತಿರುಗಿದ್ದು ರಂಗಸ್ಥಳದ ಕತ್ತಲಲ್ಲಿ. ಬಣ್ಣದ ವೇಷದ ಕಪ್ಪು ಕೆಂಪಿನ ನಡುವೆ, ಕಿರೀಟದ ಹಿಂದಿನ ಪರದೆಯ ಮೇಲೆ, ರಾತ್ರಿಯ ಚಿತ್ರೀಕರಣದಲ್ಲಿ ಕಾಳುಕಾಳಾಗಿ ನಾಯ್ಸ್ ಏಳುತ್ತದೆ. ಅದನ್ನು ತೆಗೆಯುವ ಟೆಂಪೊರಲ್ ನಾಯ್ಸ್ ರಿಡಕ್ಷನ್ ಒಂದೊಂದು ಫ್ರೇಮನ್ನೂ ಅಕ್ಕಪಕ್ಕದ ಫ್ರೇಮುಗಳೊಡನೆ ಹೋಲಿಸಬೇಕಾಗುತ್ತದೆ, ಈ ಕೆಲಸ ಬೀಳುವುದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಇಲ್ಲಿ 12 ಜಿಬಿ ಮೆಮೊರಿಯ 4070 ಮ್ಯಾಕ್ ಮಿನಿಯನ್ನು ಬಹಳ ಹಿಂದೆ ಹಾಕಿತು. ಕತ್ತರಿಸುವಾಗ ಸೋತಿದ್ದ ಎಎಂಡಿ ಪೆಟ್ಟಿಗೆಯೂ, ಕಾರ್ಡು ಅದೇ ಆದ್ದರಿಂದ, ಈ ಹಂತದಲ್ಲಿ ಇಂಟೆಲ್ ಪೆಟ್ಟಿಗೆಗೆ ಹೆಚ್ಚುಕಡಿಮೆ ಸಮನಾಗಿ ನಿಂತಿತು. ಹಗಲಿನ ಮದುವೆ ಚಿತ್ರೀಕರಿಸುವವರಿಗೆ ಈ ವ್ಯತ್ಯಾಸ ಗಮನಕ್ಕೇ ಬಾರದಿರಬಹುದು.

ತಂತ್ರಾಂಶಗಳಲ್ಲಿ ಪ್ರೀಮಿಯರ್ ಪ್ರೊ ನಮಗೆ ಹಳೆಯ ಪರಿಚಯ. ಬದಲಿ ಸಂಕಲನಕಾರರು ಬೇಕೆಂದರೆ ನಮ್ಮ ಸುತ್ತಮುತ್ತ ಸಿಗುವವರಿಗೆ ಬರುವುದು ಅದೇ, ಚಲಿಸುವ ಗ್ರಾಫಿಕ್ಸ್ ಮಾಡುವ ಆಫ್ಟರ್ ಎಫೆಕ್ಟ್ಸ್ ಜೊತೆಗಿನ ಅದರ ನೇರ ಕೊಂಡಿಯೂ ಉಪಯುಕ್ತ. ಆದರೆ ಚಂದಾ ಕಟ್ಟುವವರೆಗೆ ಮಾತ್ರ ಅದು ನಮ್ಮದು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತು ನಮ್ಮ ಆದಾಯವೂ ನಿಂತಿರುವಾಗ ಆ ಕಂತು ಕಾಡುತ್ತದೆ. ಫೈನಲ್ ಕಟ್ ಪ್ರೊ ಒಮ್ಮೆ ಕೊಂಡರೆ ಸಾಕು. ಅದರ ಮಲ್ಟಿಕ್ಯಾಮ್ ಮೂರರಲ್ಲಿ ಅತ್ಯಂತ ಹಗುರ. ಕತ್ತರಿಸಿದ ಜಾಗವನ್ನು ತಾನೇ ಮುಚ್ಚಿಕೊಳ್ಳುವ ಮ್ಯಾಗ್ನೆಟಿಕ್ ಟೈಮ್‌ಲೈನ್ ಮೊದಲ ವಾರ ಸಿಟ್ಟು ತರಿಸಿ ಎರಡನೆಯ ವಾರ ಒಲಿಯಿತು. ಆದರೆ ಅದು ಮ್ಯಾಕ್ ಬಿಟ್ಟು ಕದಲುವುದಿಲ್ಲ. ಡಾವಿಂಚಿ ರಿಸಾಲ್ವ್ ಹುಟ್ಟಿದ್ದೇ ಬಣ್ಣ ತಿದ್ದುವ ಸಾಧನವಾಗಿ. ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆ 2009ರಲ್ಲಿ ಅದನ್ನು ಕೊಂಡ ಮೇಲೆ ಪೂರ್ಣ ಸಂಕಲನ ತಂತ್ರಾಂಶವಾಗಿ ಬೆಳೆಯಿತು. ಉಚಿತ ಆವೃತ್ತಿಯಲ್ಲಿ ಟೆಂಪೊರಲ್ ನಾಯ್ಸ್ ರಿಡಕ್ಷನ್ ಇಲ್ಲವಾದ್ದರಿಂದ ನಮ್ಮಂಥವರಿಗೆ 295 ಡಾಲರ್ ಬೆಲೆಯ ಸ್ಟುಡಿಯೋ ಆವೃತ್ತಿಯೇ ಬೇಕು. ಒಂದು ಪರವಾನಗಿಯನ್ನು ಎರಡು ಕಂಪ್ಯೂಟರುಗಳಲ್ಲಿ ಚಾಲೂ ಮಾಡಬಹುದು. ಅದರ ತೊಡಕೆಂದರೆ ಪ್ರಾಜೆಕ್ಟುಗಳು ಬಿಡಿ ಕಡತಗಳಾಗಿ ಫೋಲ್ಡರಿನಲ್ಲಿ ಇರುವುದಿಲ್ಲ, ಅದರದೇ ಡೇಟಾಬೇಸಿನೊಳಗೆ ಇರುತ್ತವೆ. ದಿನದ ಕೊನೆಗೆ ಎಕ್ಸ್‌ಪೋರ್ಟ್ ಮಾಡಿ ಬೇರೆಡೆ ಇಡುವ ಅಭ್ಯಾಸ ಬೇಕು.

ಕನ್ನಡ ಶೀರ್ಷಿಕೆಗಳದ್ದೇ ಒಂದು ಬೇರೆ ಪ್ರಕರಣ. ಪ್ರೀಮಿಯರ್‌ನಲ್ಲಿ ಪಠ್ಯದ ಎಂಜಿನನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸಿಕೊಂಡರೆ ಯುನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ನಾವು ನೋಡಿದ ಇನ್ನೊಂದು ಶೀರ್ಷಿಕೆ ಸಾಧನದಲ್ಲಿ ‘ಸ್ತ್ರೀವೇಷ’ ಎಂದು ಹಾಕಿದರೆ ತ ಮತ್ತು ರ ಒತ್ತುಗಳು ಕೆಳಗಿಳಿಯದೆ ಸಾಲಾಗಿ ಪಕ್ಕದಲ್ಲಿ ಬಂದು ಕುಳಿತವು, ‘ಕರ್ಣ’ನ ಅರ್ಕಾವೊತ್ತು ಮಾಯವಾಗಿತ್ತು. ಇದಕ್ಕೆ ಹಳಬರ ಉಪಾಯ ನುಡಿ ತಂತ್ರಾಂಶದ, ಯುನಿಕೋಡಿಗೆ ಮುಂಚಿನ ಪದ್ಧತಿಯ ಆಸ್ಕಿ ಫಾಂಟು. ಅದರಲ್ಲಿ ಒತ್ತುಗಳು ಬಿಡಿ ಅಚ್ಚಿನ ಮೊಳೆಗಳಂತೆ ಇರುವುದರಿಂದ ಯಾವ ತಂತ್ರಾಂಶದಲ್ಲೂ ಕೆಡುವುದಿಲ್ಲ. ಆದರೆ ಸಂಘಟಕರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಕಲಾವಿದರ ಪಟ್ಟಿ ಯುನಿಕೋಡಿನಲ್ಲಿರುತ್ತದೆ, ಪ್ರತಿ ಸಲವೂ ಪರಿವರ್ತಿಸಬೇಕು, ಪರಿವರ್ತನೆಯಲ್ಲಿ ಹಿರಿಯ ಕಲಾವಿದರೊಬ್ಬರ ಹೆಸರು ಕೆಟ್ಟರೆ ಮುಖ ತೋರಿಸುವುದು ಕಷ್ಟ. ಈಗ ನಾವು ಚಿತ್ರರಚನೆಯ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಶೀರ್ಷಿಕೆ ಬರೆದು, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ತೆಗೆದು, ಟೈಮ್‌ಲೈನಿನಲ್ಲಿ ಇಡುತ್ತೇವೆ.

ಕೊನೆಗೆ ಕೊಂಡದ್ದು ಇಂಟೆಲ್ ಪೆಟ್ಟಿಗೆ ಮತ್ತು ರಿಸಾಲ್ವ್ ಸ್ಟುಡಿಯೋ. ಒಂದೇ ಯಂತ್ರದಲ್ಲಿ ಬಿಡಿಸುವ ಕೆಲಸ ಕ್ವಿಕ್ ಸಿಂಕಿಗೂ ನಾಯ್ಸ್ ತೆಗೆಯುವ ಕೆಲಸ ಕಾರ್ಡಿಗೂ ಹಂಚಿಹೋಗುತ್ತದೆ, ಮುಂದೆ ರ‍್ಯಾಮ್ ಸೇರಿಸಬಹುದು. ಮ್ಯಾಕ್ ಮಿನಿಯಲ್ಲಿ ಕೊಂಡಷ್ಟೇ ಮೆಮೊರಿ. ಚಾಲ್ತಿಯ ಆಟದ ಫುಟೇಜ್ 4 ಟಿಬಿಯ ವೇಗದ ಎನ್‌ವಿಎಂಇ ಡ್ರೈವಿನಲ್ಲಿ, ಅದರ ಎರಡು ಪ್ರತಿಗಳು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಒಂದು ಡಿಸ್ಕು ಸ್ಟುಡಿಯೋದ ಹೊರಗೆ. ಪ್ರೊಸೆಸರಿನ ಗರಿಷ್ಠ 253 ವ್ಯಾಟ್, ಕಾರ್ಡಿನ 200 ವ್ಯಾಟ್ ಕೂಡಿಸಿ, ಮಾನಿಟರನ್ನೂ ಲೆಕ್ಕ ಹಿಡಿದು, ಮನೆಬಳಕೆಯ ಸಣ್ಣ ಯುಪಿಎಸ್ ಬಿಟ್ಟು ಸೈನ್ ವೇವ್ ಯುಪಿಎಸ್ ಹಾಕಿಸಬೇಕಾಯಿತು.

ಇಂದು ಕೊಳ್ಳುವವರು ಇದೇ ಪಟ್ಟಿಯನ್ನು ನಕಲು ಮಾಡಬೇಕಿಲ್ಲ. 2025ರಲ್ಲಿ ಬಂದ ಎನ್ವಿಡಿಯಾ 50 ಸರಣಿಯ ಕಾರ್ಡುಗಳು 4:2:2 ಅನ್ನೂ ಬಿಡಿಸುತ್ತವಾದ್ದರಿಂದ ಎಎಂಡಿ ಪೆಟ್ಟಿಗೆಯ ದೊಡ್ಡ ಕೊರತೆ ನೀಗಿದಂತಾಗಿದೆ, ಕೆಎಫ್ ಪ್ರೊಸೆಸರಿಗೂ ಬಾಗಿಲು ತೆರೆದಿದೆ. ಹಳೆಯ ಕಾರ್ಡು ಇರುವ ಆ ಗೆಳೆಯರು ಮಾತ್ರ ರಾತ್ರಿ ಮಲಗುವ ಮೊದಲು ಪ್ರಾಕ್ಸಿ ತಯಾರಿಗೆ ಹಚ್ಚಿ, ಬೆಳಿಗ್ಗೆ ಆ ಹಗುರ ಪ್ರತಿಗಳ ಮೇಲೆ ಕತ್ತರಿಸುತ್ತಾರೆ. ಅವರ ಗಿರಾಕಿಗಳಿಗೆ ಇದುವರೆಗೆ ಯಾವ ವ್ಯತ್ಯಾಸವೂ ಕಂಡಿಲ್ಲ.