ಕೋನ್ ಫಿಲ್ಟರ್: ಆರೂವರೆ ಸಾವಿರ ಕೊಟ್ಟು ಹಾಕಿಸಿದೆ, ನಾಲ್ಕು ತಿಂಗಳಿಗೆ ತೆಗೆಸಿದೆ

ಇಂಜಿನ್ ಎಳೆಯುವ ಗಾಳಿಯನ್ನು ಸೋಸುವ, ಶಂಕುವಿನಾಕಾರದ ಕೋನ್ ಫಿಲ್ಟರ್, ಅದಕ್ಕೊಂದು ದಪ್ಪ ಅಲ್ಯೂಮಿನಿಯಂ ಪೈಪು, ಕೂಲಿ ಎಲ್ಲ ಸೇರಿ 6,500 ರೂಪಾಯಿ. ಮೈಸೂರಿನ ಅಂಗಡಿಯೊಂದರಲ್ಲಿ ನನ್ನ 1,197 ಸಿಸಿ ಪೆಟ್ರೋಲ್ ಸ್ವಿಫ್ಟ್‌ಗೆ ಹಾಕಿಸಿದೆ. "ಇಂಜಿನ್‌ಗೆ ಉಸಿರು ಕಟ್ಟಿದೆ ಸರ್, ಬಾಯಿ ಅಗಲ ಮಾಡಿದರೆ ಪಿಕಪ್ ತಾನಾಗಿ ಬರುತ್ತದೆ" ಎಂದರು. ಕೆಲಸವೇನೋ ಅಚ್ಚುಕಟ್ಟು. ಪಿಕಪ್ ಮಾತ್ರ ಬರಲಿಲ್ಲ.

ಮೊದಲ ದಿನ ನಾನೂ ನಂಬಿದ್ದೆ. ಆಕ್ಸಿಲರೇಟರ್ ಒತ್ತಿದೊಡನೆ ಬಾನೆಟ್ ಒಳಗಿನಿಂದ ಗಾಳಿ ಹೀರುವ ಆ ಗಂಭೀರ ಸದ್ದು ಯಾರನ್ನಾದರೂ ನಂಬಿಸುತ್ತದೆ. ಆಮೇಲೆ ಬೆಳಗಿನ ಐದೂವರೆಗೆ ಖಾಲಿ ರಿಂಗ್ ರಸ್ತೆಗೆ ಹೋದೆವು. ಮೂರನೇ ಗೇರಿನಲ್ಲಿ 40ರಿಂದ 80 ಕಿ.ಮೀ. ವೇಗಕ್ಕೆ ಏರಲು ಎಷ್ಟು ಹೊತ್ತು ಎಂದು ಭಾವಮೈದುನ ಮೊಬೈಲಿನಲ್ಲಿ ಅಳೆದ. ಹೊಸದರಲ್ಲಿ ಆರು ಸಲ, ಹಳೆಯ ಏರ್ ಬಾಕ್ಸ್ (ಕಾರಿನೊಂದಿಗೇ ಬಂದ ಫಿಲ್ಟರ್ ಡಬ್ಬ) ಕೂರಿಸಿ ಆರು ಸಲ. ಎರಡರ ನಡುವಿನ ಅಂತರ, ಒಂದೇ ಫಿಲ್ಟರಿನ ಎರಡು ಓಟಗಳ ನಡುವಿನ ಅಂತರಕ್ಕಿಂತಲೂ ಕಡಿಮೆ!

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಎರಡು ಸುತ್ತಿಗೊಮ್ಮೆ ಸಿಲಿಂಡರ್ ತುಂಬುವ ಈ ಇಂಜಿನ್, ನಿಮಿಷಕ್ಕೆ 6,000 ಸುತ್ತು ತಿರುಗಿದರೂ ಎಳೆಯಬಲ್ಲದ್ದು ಹೆಚ್ಚೆಂದರೆ 3,600 ಲೀಟರ್ ಗಾಳಿ. ಅಷ್ಟಕ್ಕೆಂದೇ ಕಂಪನಿಯವರು ಏರ್ ಬಾಕ್ಸ್ ಮಾಡಿರುತ್ತಾರೆ. ನಾವು ಇರ್ವಿನ್ ರಸ್ತೆಯಲ್ಲಿ ಓಡಿಸುವಾಗ ಥ್ರಾಟಲಿನ ತಟ್ಟೆ (ಆಕ್ಸಿಲರೇಟರ್ ಒತ್ತಿದಂತೆ ತೆರೆದು ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಬಹುಪಾಲು ಮುಚ್ಚಿಯೇ ಇರುತ್ತದೆ. ಒಳಬಾಗಿಲು ಓರೆ ಮಾಡಿಕೊಂಡು ಹೆಬ್ಬಾಗಿಲು ಅಗಲ ಮಾಡಿಸಿದರೆ ಪ್ರಯೋಜನವೇನು?

ನಷ್ಟವಂತೂ ಕಣ್ಣಿಗೆ ಕಂಡಿತು. ಚಾಮುಂಡಿ ಬೆಟ್ಟ ಹತ್ತಿ ಬಾನೆಟ್ ಎತ್ತಿದರೆ ಆ ಪೈಪನ್ನು ಮುಟ್ಟಲಾಗಲಿಲ್ಲ. ಹಳೆಯ ಬಾಕ್ಸ್ ಮುಂಭಾಗದ ತಂಪು ಗಾಳಿ ಎಳೆಯುತ್ತಿತ್ತು, ಇದು ಇಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತದೆ. 30 ಡಿಗ್ರಿಯ ಗಾಳಿ 60ಕ್ಕೆ ಕಾದರೆ ಅಷ್ಟೇ ಜಾಗದಲ್ಲಿ ಆಮ್ಲಜನಕ ಶೇಕಡಾ 9ರಷ್ಟು ಕಡಿಮೆ.

ಇನ್ನು ದೂಳು. ನಮ್ಮೂರು ಪಾಂಡವಪುರದ ಕಡೆ, ಕಬ್ಬಿನ ಗಾಡಿ ಓಡಾಡುವ ಮಣ್ಣುರಸ್ತೆ. ಫಿಲ್ಟರಿನ ಹಿಂದಿನ ಪೈಪಿನೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿದೆ. ಬಟ್ಟೆಯ ಮೇಲೆ ಕೆಂಪು ಗೀರು! ಫಿಲ್ಟರ್ ದಾಟಿ ಸಿಲಿಂಡರಿನತ್ತ ಹೊರಟ ಮಣ್ಣು ಅದು. ಅಂದೇ ತೆಗೆಸಿದೆ. ಹಳೆಯ ಕಾಗದದ ಫಿಲ್ಟರ್ ಹಾಕಿ ತಿಂಗಳ ಮೇಲೆ ಹಾಗೆಯೇ ಒರೆಸಿ ನೋಡಿದೆ, ಬಟ್ಟೆ ಬಿಳಿಯಾಗಿಯೇ ಇತ್ತು.

ರೇಸಿಗೆಂದು ಕವಾಟ ತೆರೆಯುವ ಕ್ಯಾಮ್, ಸೈಲೆನ್ಸರ್, ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಎಲ್ಲವನ್ನೂ ಬದಲಿಸುವವರ ಮಾತು ಬೇರೆ. ಉಳಿದವರು ಹಾಕಿಸಲೇಬೇಕೆಂದಿದ್ದರೆ, ಹಳೆಯ ಏರ್ ಬಾಕ್ಸನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ.