ಕಂಪ್ನಿ ಟೆಸ್ಟಿನ ಪ್ರಶ್ನೆ "ಒಳಗಿಂದ" ಕೇಳೋಕೆ ಹೋಗ್ಬೇಡಿ, ನಾನು ಕೇಳಿ ಒಬ್ರ ಕೆಲಸಕ್ಕೇ ಕುತ್ತು ತಂದೆ

ಹಾಸನದಲ್ಲಿ ಈ ವರ್ಷ ಡಿಗ್ರಿ ಮುಗ್ಸಿ ಕೆಲಸ ಹುಡುಕ್ತಿರೋರು ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಬೆಂಗಳೂರಿನ ಒಂದು ಕಂಪ್ನಿ ಟೆಸ್ಟಿಗೆ ಹಾಕಿದ್ದೆ. ನಮ್ಮ ಬೀದಿಯ ಒಬ್ರು ಅಕ್ಕ ಅಲ್ಲೇ ಕೆಲಸದಲ್ಲಿದ್ರು, ಕಂಪ್ನಿಗೆ ನನ್ನ ಹೆಸರು ಹೇಳಿ ರೆಫರಲ್ ಕೊಟ್ಟಿದ್ದೂ ಅವ್ರೇ. ಹಬ್ಬಕ್ಕೆ ಊರಿಗೆ ಬಂದಾಗ ಮಹಾರಾಜ ಪಾರ್ಕ್ ಹತ್ರ ಸಿಕ್ಕಿದ್ರು, ಎಷ್ಟು ಸೆಕ್ಷನ್, ಎಷ್ಟು ಟೈಮು, ನೆಗೆಟಿವ್ ಮಾರ್ಕ್ಸ್ ಇದ್ಯಾ, ಏನು ಓದ್ಕೋಬೇಕು ಅಂತೆಲ್ಲ ನಿಂತ್ಕೊಂಡೇ ಹೇಳಿದ್ರು. ಅಷ್ಟಕ್ಕೆ ಸುಮ್ನಾಗ್ಬೇಕಿತ್ತು ನಾನು. "ಅಕ್ಕಾ, ಕೋಡಿಂಗ್ ಪ್ರಶ್ನೆನೇ ಕಳ್ಸಿ, ಯಾರಿಗೂ ಹೇಳಲ್ಲ" ಅಂತ ಒಂದು ವಾರ ಮೆಸೇಜ್ ಮೇಲೆ ಮೆಸೇಜ್ ಹಾಕ್ದೆ, ಅಪ್ಪನ ಸಾಲ, ಮನೆ ಕಷ್ಟ ಎಲ್ಲ ಹೇಳ್ಕೊಂಡೆ, ಕೊನೆಗೆ ಪಾಪ ಅವ್ರು ಎರಡು ಪ್ರಶ್ನೆ ಟೈಪ್ ಮಾಡಿ ಕಳ್ಸಿದ್ರು.

ಅದ್ರಲ್ಲಿ ಒಂದು ಬಂತು. ಟೆಸ್ಟ್ ಶುರು ಆಗೋ ಮುಂಚೆ "ಪ್ರಶ್ನೆ ಮೊದಲೇ ನೋಡಿಲ್ಲ" ಅಂತ ಒಪ್ಕೊಳ್ಳೋ ಪೇಜ್ ಬಂದಿತ್ತು, ಅದನ್ನೂ ಕ್ಲಿಕ್ ಮಾಡಿದ್ದೆ.

ಇಂಟರ್‌ವ್ಯೂನಲ್ಲಿ ನಾನು ಬರೆದ ಕೋಡ್ ಪ್ರಿಂಟ್ ತೆಗೆದು ಮುಂದಿಟ್ರು. ಈ ಲೈನ್ ಯಾಕೆ ಬರೆದ್ರಿ, ಇನ್‌ಪುಟ್ ಬದ್ಲಾದ್ರೆ ಏನಾಗುತ್ತೆ ಅಂದ್ರು, ಬಾಯೇ ಬರ್ಲಿಲ್ಲ. ನಾಲ್ಕೇ ನಿಮಿಷದಲ್ಲಿ ಮುಗ್ಸಿದ್ದು ಅವ್ರಿಗೆ ಗೊತ್ತಿತ್ತು. ಯಾರು ಕೊಟ್ರು ಅಂತ ಕೇಳಿದ್ರು, ನಾನು ಹೇಳ್ಲಿಲ್ಲ, ಆದ್ರೆ ರೆಫರಲ್‌ನಲ್ಲಿ ಅಕ್ಕನ ಹೆಸರಿತ್ತಲ್ಲ. ಅವ್ರಿಗೆ ನೋಟಿಸ್ ಬಂತು. ಸೇರೋವಾಗ ಒಳಗಿನ ವಿಷಯ ಹೊರಗೆ ಹೇಳಲ್ಲ ಅಂತ ಸೈನ್ ಹಾಕಿದ್ರಂತೆ. ಕೆಲಸ ಉಳೀತು, ಆ ವರ್ಷದ ಪ್ರಮೋಷನ್ ಹೋಯ್ತು.

2021ರಲ್ಲಿ 545 ಪಿಎಸ್ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ ನಡೆದ ಪರೀಕ್ಷೆಯ ಅಕ್ರಮ ಹೊರಗೆ ಬಂದಾಗ ನಾನೂ ಎಲ್ಲರ ಜೊತೆ ಬೈದಿದ್ದೆ. ಯಾರೋ ಮಾಡಿದ್ದಕ್ಕೆ ನಿಯತ್ತಾಗಿ ಓದಿದೋರೂ ಕಾದು ಕಾದು 2024ರ ಜನವರಿಯಲ್ಲಿ ಮತ್ತೆ ಬರೀಬೇಕಾಯ್ತು. ನಾನು ಮಾಡಿದ್ದು ಸಣ್ಣದು ಅಂತ ಅನ್ಕೊಂಡಿದ್ದೆ, ಆದ್ರೆ ನನ್ನ ಜೊತೆ ಟೆಸ್ಟ್ ಬರೆದು ಇಂಟರ್‌ವ್ಯೂವರೆಗೂ ಬರದೇ ಇರೋ ಒಬ್ರ ಜಾಗ ನಾನು ಕಿತ್ಕೊಂಡಿದ್ದೆ.

ದುಡ್ಡು ಕೊಟ್ಟು ಟೆಲಿಗ್ರಾಮ್‌ನಲ್ಲಿ ಪ್ರಶ್ನೆ ತಗೊಳೋದೂ ಬೇಡ, ನನ್ನ ಕ್ಲಾಸ್‌ಮೇಟ್ 2,000 ಕೊಟ್ಟ ಪಿಡಿಎಫ್‌ನಿಂದ ಒಂದೂ ಬರ್ಲಿಲ್ಲ.

ಟೆಸ್ಟ್ ಹೆಂಗಿರುತ್ತೆ, ಏನು ಪ್ರಾಕ್ಟೀಸ್ ಮಾಡ್ಬೇಕು ಅಂತ ಯಾರಿಗಾದ್ರೂ ಬೇಕಿದ್ರೆ ಕಾಮೆಂಟ್ ಹಾಕಿ, ಗೊತ್ತಿರೋದೆಲ್ಲ ಹೇಳ್ತೀನಿ. ಟೆಸ್ಟಿನ ಪ್ರಶ್ನೆನೇ ಕಳ್ಸಿ ಅಂದ್ರೆ ಮಾತ್ರ ಉತ್ತರ ಕೊಡಲ್ಲ.