ಹಳೆಯ ಟ್ರೈಲರಿನ ಚಾವಣಿ ಸೋರದಂತೆ ಮಾಡಲು: ಸಿಲಿಕೋನ್, ಲ್ಯಾಪ್ ಸೀಲೆಂಟ್ ಮತ್ತು ಟೇಪ್

2019ರ ಅಕ್ಟೋಬರಿನಲ್ಲಿ ನಾವು ಅಮೆರಿಕದ ಮಿಷಿಗನ್ನಿನಲ್ಲಿ 2004ರ ತಯಾರಿಕೆಯ, 21 ಅಡಿ ಉದ್ದದ ಟ್ರಾವೆಲ್ ಟ್ರೈಲರೊಂದನ್ನು, ಅಂದರೆ ವಾಹನದ ಹಿಂದೆ ಕಟ್ಟಿ ಎಳೆಯುವ ಗಾಲಿಮನೆಯೊಂದನ್ನು, ಕೊಂಡೆವು. ಒಲೆ, ಫ್ರಿಜ್, ಹೀಟರ್ ಎಲ್ಲವೂ ಸರಿಯಾಗಿ ನಡೆಯುತ್ತಿದ್ದವು. ಆದರೆ ಮುಂಭಾಗದ ಹಾಸಿಗೆಯ ಮೇಲಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಗೋಡೆಯ ಹಲಗೆ ಮೆತ್ತಗೆ ಒಳಕ್ಕೆ ಹೋಯಿತು. ಹಲಗೆಯನ್ನು ಕಿತ್ತು ನೋಡಿದರೆ ಹಿಂದಿನ ಚೌಕಟ್ಟಿನ ಮರ ಕೈಯಲ್ಲಿ ಪುಡಿಯಾಗುವಷ್ಟು ಕೊಳೆತಿತ್ತು. ಹಳೆಯ ಟ್ರೈಲರನ್ನು ಸ್ವತಃ ದುರಸ್ತಿ ಮಾಡುವವರು ಬ್ಯಾಟರಿ, ಸೋಲಾರ್, ಹೊಸ ನೆಲಹಾಸುಗಳ ಬಗ್ಗೆ ಮೊದಲು ಯೋಚಿಸುತ್ತಾರೆ. ನಾನೂ ಹಾಗೆಯೇ ಯೋಚಿಸಿದ್ದೆ. ಆ ಮೂಲೆಯನ್ನು ಕಂಡ ಮೇಲೆ ಉಳಿದ ಎಲ್ಲ ಕೆಲಸಗಳನ್ನೂ ಬದಿಗಿಟ್ಟು ಚಾವಣಿ ಹತ್ತಿದೆ.

ಇಂತಹ ಟ್ರೈಲರಿನ ಮೈ ಮರದ ಚೌಕಟ್ಟು, ಅದರ ನಡುವೆ ತುಂಬಿದ ಫೈಬರ್‌ಗ್ಲಾಸ್ ಉಣ್ಣೆ ಮತ್ತು ಹೊರಗಿನ ಏಣುಳ್ಳ ಅಲ್ಯೂಮಿನಿಯಂ ತಗಡಿನಿಂದ ಆದದ್ದು. ಚಾವಣಿಯಲ್ಲಿ ತೆಳುವಾದ ಹಲಗೆಯ ಮೇಲೆ ಇಪಿಡಿಎಂ ಎಂಬ ರಬ್ಬರ್ ಹಾಳೆಯನ್ನು ಅಂಟಿಸಿರುತ್ತಾರೆ. ಹಾಳೆ ಹರಿಯದಿದ್ದರೆ ಅದರ ನಡುಭಾಗದಿಂದ ನೀರು ಇಳಿಯುವುದು ಅಪರೂಪ. ಗಾಳಿಕಿಂಡಿಗಾಗಿ, ಕೊಳವೆಗಾಗಿ, ಆಂಟೆನಾಕ್ಕಾಗಿ ಅದನ್ನು ಕತ್ತರಿಸಿದ ಕಡೆಗಳಲ್ಲಿ ಮತ್ತು ಮುಂದೆ, ಹಿಂದೆ, ಪಕ್ಕಗಳಲ್ಲಿ ಅದು ಮುಗಿಯುವ ಅಂಚುಗಳಲ್ಲಿ ನೀರು ದಾರಿ ಹುಡುಕುತ್ತದೆ. ಅಂಚಿನ ಅಲ್ಯೂಮಿನಿಯಂ ಪಟ್ಟಿಯನ್ನೇ ನೋಡಿ: ಆರು ಮೀಟರ್ ಉದ್ದದ ಪಟ್ಟಿಯನ್ನು ಬಿಗಿಯದೆ ಬಿಟ್ಟರೆ, ಜನವರಿಯ ಚಳಿಗೂ ಜುಲೈಯ ಬಿಸಿಲಿಗೂ ನಡುವಿನ 60 ಡಿಗ್ರಿ ಸೆಲ್ಸಿಯಸ್ ಅಂತರದಲ್ಲಿ ಅದು ಸುಮಾರು 8 ಮಿಲಿಮೀಟರ್ ಹಿಗ್ಗುತ್ತದೆ. ಅದರ ಕೆಳಗಿನ ಮರ ಬಿಸಿಗೆ ಅಷ್ಟು ಹಿಗ್ಗುವುದಿಲ್ಲ. ರಸ್ತೆಯಲ್ಲಿ ಎಳೆಯುವಾಗ ಇಡೀ ಪೆಟ್ಟಿಗೆ ಅಲುಗಾಡುವುದು ಇದರ ಮೇಲೆ ಇನ್ನೊಂದು ಹೊರೆ. ಹೀಗೆ ಸದಾ ಚಲಿಸುವ ಸಂದನ್ನು ಯಾವುದರಿಂದ ಮುಚ್ಚಬೇಕು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

2020ರ ಮೇ ತಿಂಗಳಲ್ಲಿ ಮುಂದಿನ ಗಾಳಿಕಿಂಡಿಗೆ ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಸಿಲಿಕೋನನ್ನು, ಹಿಂದಿನ ಗಾಳಿಕಿಂಡಿಗೆ ರಬ್ಬರ್ ಚಾವಣಿಗೆಂದೇ ತಯಾರಾದ, ತಾನಾಗಿ ಹರಡಿಕೊಳ್ಳುವ ಲ್ಯಾಪ್ ಸೀಲೆಂಟ್ ಎಂಬ ಸಂದು ಮುಚ್ಚುವ ಅಂಟನ್ನು ಮತ್ತು ಚೌಕಟ್ಟಿನ ಮರ ಬದಲಾಯಿಸಿದ ಬಳಿಕ ಮುಂಭಾಗದ ಅಡ್ಡಸಂದಿಗೆ ನಾಲ್ಕು ಇಂಚು ಅಗಲದ ಚಾವಣಿ ಟೇಪನ್ನು ಹಾಕಿದೆ. ಮೂರಕ್ಕೂ ಮೊದಲು ಹಾಳೆಯನ್ನು ಸೋಪುನೀರಿನಿಂದ ತೊಳೆದು, ಒಣಗಿಸಿ, ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ್ದೆ. ಪೆಟ್ರೋಲಿಯಂ ಮೂಲದ ದ್ರಾವಕಗಳು ಇಪಿಡಿಎಂ ಅನ್ನು ಊದಿಸಿ ಕೆಡಿಸುವುದರಿಂದ ಅವನ್ನು ಮುಟ್ಟಲಿಲ್ಲ.

ಮೊದಲ ಬೇಸಿಗೆಯಲ್ಲಿ ಮೂರರ ಪೈಕಿ ಸಿಲಿಕೋನೇ ಹೆಚ್ಚು ಅಚ್ಚುಕಟ್ಟಾಗಿ ಕಾಣುತ್ತಿತ್ತು. ಮರುವರ್ಷದ ಏಪ್ರಿಲಿನಲ್ಲಿ ಅದರ ಅಂಚಿನಡಿ ಉಗುರು ತೂರಿಸಿದಾಗ ಒಂದು ಗೇಣು ಉದ್ದದ ಪಟ್ಟಿ ಹಾಗೆಯೇ ಎದ್ದು ಬಂತು. ಅದು ಬಿರುಕು ಬಿಟ್ಟಿರಲಿಲ್ಲ, ಗಟ್ಟಿಯಾಗಿಯೂ ಇರಲಿಲ್ಲ. ರಬ್ಬರಿಗೆ ಅಂಟಿಯೇ ಇರಲಿಲ್ಲ. ಇನ್ನೂ ದೊಡ್ಡ ತೊಂದರೆ ಆಮೇಲೆ ಎದುರಾಯಿತು. ಸಿಲಿಕೋನ್ ಬಿಟ್ಟುಹೋಗುವ ಜಿಡ್ಡಿನ ಪದರದ ಮೇಲೆ ಬೇರೆ ಯಾವ ಸೀಲೆಂಟೂ ಹಿಡಿಯುವುದಿಲ್ಲವಾದ್ದರಿಂದ, ಹಾಳೆಗೆ ಗೀರು ಬೀಳದಂತೆ ಪ್ಲಾಸ್ಟಿಕ್ ಕೆರೆಗತ್ತಿಯಿಂದ ಅದನ್ನು ತೆಗೆಯಲು ಎರಡು ದಿನ ಬೇಕಾಯಿತು. ಅಗ್ಗ ಎಂಬ ಒಂದೇ ಕಾರಣಕ್ಕೆ ಅದನ್ನು ರಬ್ಬರ್ ಚಾವಣಿಗೆ ಹಾಕಲು ಹೊರಟವರನ್ನು ಕೈ ಹಿಡಿದು ತಡೆಯಬೇಕೆನಿಸುತ್ತದೆ.

ಲ್ಯಾಪ್ ಸೀಲೆಂಟಿನ ಗುಣ ಬೇರೆ. ಅದು ದಪ್ಪ ದೋಸೆಹಿಟ್ಟಿನಂತೆ ಇಳಿದು ಸ್ಕ್ರೂಗಳ ತಲೆಯನ್ನೂ ಸಂದನ್ನೂ ತಾನೇ ಮುಚ್ಚಿಕೊಳ್ಳುತ್ತದೆ. ಮೇಲ್ಪದರ ಬೇಗ ಕಟ್ಟಿಕೊಂಡರೂ ಒಳಗೆ ಪೂರ್ತಿ ಬಲಿಯಲು ವಾರಗಳು ಹಿಡಿಯುತ್ತವೆ. ಇಳಿಜಾರಿನಲ್ಲಿ ಇದು ನಿಲ್ಲದು. ಲಂಬವಾದ ಭಾಗಕ್ಕೆ ಹರಿಯದ ಬಗೆಯದನ್ನೇ ತರಬೇಕು. ನಾಲ್ಕನೆಯ ವರ್ಷ ಹಿಂದಿನ ಕಿಂಡಿಯ ಒಂದು ಮೂಲೆಯಲ್ಲಿ ಕೂದಲೆಳೆಯಂತಹ ಬಿರುಕು ಕಂಡಿತು. ಒರೆಸಿ, ಅದರ ಮೇಲೆಯೇ ಅದೇ ಸೀಲೆಂಟಿನ ಇನ್ನೊಂದು ಪದರ ಹಾಕಿದೆ. ಕಾಲು ಗಂಟೆಯ ಕೆಲಸ. ಬಿರುಕು ಕಣ್ಣಿಗೆ ಕಾಣುವುದು ಮತ್ತು ಹಳೆಯದರ ಮೇಲೆ ಹೊಸದು ಹಿಡಿಯುವುದು, ಇವೆರಡನ್ನು ನಾನು ಬಾಳಿಕೆಗಿಂತಲೂ ಹೆಚ್ಚಿನ ಗುಣಗಳೆಂದು ಎಣಿಸುತ್ತೇನೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಪ್ರತಿವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸುವುದನ್ನು ನೋಡುತ್ತ ಬೆಳೆದವನಿಗೆ ಏಪ್ರಿಲಿಗೊಮ್ಮೆ ಚಾವಣಿ ಹತ್ತುವುದು ಹೊರೆಯೆನಿಸುವುದಿಲ್ಲ.

ಟೇಪ್ ಮೂರರಲ್ಲಿ ಅತ್ಯಂತ ಬಲವಾದದ್ದು. ರೋಲರಿನಿಂದ ಒತ್ತಿ ಕೂರಿಸಿದ ಮೇಲೆ ಐದು ಚಳಿಗಾಲ ಕಳೆದರೂ ಅದರ ಒಂದು ಅಂಚೂ ಎದ್ದಿಲ್ಲ. ಆದರೆ ಆ ಬಲವೇ ಎಚ್ಚರ ಬೇಡುತ್ತದೆ. ಒಮ್ಮೆ ತಾಗಿದರೆ ಸರಿಪಡಿಸಲು ಅವಕಾಶವಿಲ್ಲ. ಕೀಳಲು ಹೋದರೆ ರಬ್ಬರ್ ಹಾಳೆಯೇ ಹರಿದು ಬರುತ್ತದೆ. ಕೆಳಗಿನ ಮರದಲ್ಲಿ ತೇವ ಉಳಿದಿದ್ದರೆ ಟೇಪ್ ಅದನ್ನು ಒಳಗೇ ಕೂಡಿಹಾಕುತ್ತದೆ, ಮೇಲಿನಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ತೇವಮಾಪಕ ಶೇ. 12ಕ್ಕಿಂತ ಕಡಿಮೆ ತೋರಿಸುವವರೆಗೆ ನಾನು ಸಂದನ್ನು ತೆರೆದಿಟ್ಟು, ರಾತ್ರಿ ಟಾರ್ಪಾಲು ಹೊದಿಸಿ, ಹನ್ನೊಂದು ದಿನ ಕಾದೆ. ಮುಂದೆಂದೂ ಬಿಚ್ಚಬೇಕಿಲ್ಲದ ಉದ್ದನೆಯ ಸಂದಿಗೆ ಟೇಪೇ ಸರಿ. ಫ್ಯಾನು ಕೆಟ್ಟಾಗ ಬಿಚ್ಚಲೇಬೇಕಾದ ಗಾಳಿಕಿಂಡಿಯ ಸುತ್ತ ಅದನ್ನು ಹಾಕುವುದು ತಪ್ಪು. ಸಿಲಿಕೋನ್ ಕೆರೆದ ಮುಂದಿನ ಕಿಂಡಿಗೂ ನಾನು ಕೊನೆಗೆ ಲ್ಯಾಪ್ ಸೀಲೆಂಟನ್ನೇ ಹಾಕಿದೆ.

ಇವೆಲ್ಲ ಮೇಲಿನಿಂದ ಬಳಿಯುವ, ಅಂಟಿಸುವ ವಸ್ತುಗಳು. ಅಂಚುಪಟ್ಟಿ ಮತ್ತು ಕಿಟಕಿಯ ಚೌಕಟ್ಟುಗಳ ಹಿಂದೆ ಕೂರುವ ಮೆತ್ತೆಯ ಆಯ್ಕೆ ಇನ್ನೂ ಮುಖ್ಯ. ಅಗ್ಗದ ಪುಟ್ಟಿ ಟೇಪ್ ಕೈಗೆ ಹಿತವಾಗಿದ್ದು ಹೆಚ್ಚಾದದ್ದನ್ನು ಸುಲಭವಾಗಿ ಕತ್ತರಿಸಬಹುದು, ಆದರೆ ವರ್ಷಗಳು ಕಳೆದಂತೆ ಎಣ್ಣೆ ಆರಿ ಪುಡಿಯಾಗುತ್ತದೆ. ನಮ್ಮ ಟ್ರೈಲರಿನ ಮೂಲೆಪಟ್ಟಿಯ ಹಿಂದೆ ಸಿಕ್ಕಿದ್ದು ಅಂಥದ್ದೇ ಪುಡಿ. ಬ್ಯುಟೈಲ್ ಎಂಬ ರಬ್ಬರಿನ ಟೇಪ್ ಬೆರಳಿಗೆ, ಬಟ್ಟೆಗೆ, ಕತ್ತಿಗೆ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ, ಆದರೆ ಮೆದುವಾಗಿಯೇ ಉಳಿಯುತ್ತದೆ. ಸ್ಕ್ರೂಗಳನ್ನು ಕೈಯಿಂದಲೇ ಅರ್ಧದಷ್ಟು ಬಿಗಿದು, ನಾಲ್ಕಾರು ಬಿಸಿಲು ದಿನಗಳ ನಂತರ ಮತ್ತೆ ಬಿಗಿದು, ಹೊರಬಂದದ್ದನ್ನು ಪ್ಲಾಸ್ಟಿಕ್ ಕತ್ತಿಯಿಂದ ತೆಗೆದರೆ ಅದು ಸಂದಿನ ತುಂಬ ಸಮನಾಗಿ ಕೂರುತ್ತದೆ. ಬ್ಯಾಟರಿ ಡ್ರಿಲ್ಲಿನಿಂದ ಒಂದೇ ಸಲಕ್ಕೆ ಬಿಗಿದ ಎರಡು ಕಡೆ ನನ್ನ ಕೈಯಲ್ಲಿ ಮರದ ತೂತು ಸಡಿಲವಾಗಿ, ಅಂಟು ಹಚ್ಚಿದ ಮರದ ಸೀಳು ಹೊಡೆದು ಮತ್ತೆ ಕೂರಿಸಬೇಕಾಯಿತು.

ಏಳು ಕಿಟಕಿಗಳಲ್ಲಿ ಐದನ್ನು ಹೀಗೆ ಬಿಚ್ಚಿ ಬ್ಯುಟೈಲ್ ಹಾಕಿ ಮುಗಿಸಿದ್ದೇನೆ. ಉಳಿದ ಎರಡು ಅಡುಗೆಕಟ್ಟೆಯ ಹಿಂದಿನವು. ಅಲ್ಲಿ ತೇವಮಾಪಕ ಈ ವಸಂತದಲ್ಲಿ ಶೇ. 16 ತೋರಿಸಿದ್ದರಿಂದ, ಅವುಗಳ ಒಳಹಲಗೆಯನ್ನೂ ಬಿಚ್ಚಿ ಮರವನ್ನು ನೋಡಿಯೇ ಮುಚ್ಚುತ್ತೇನೆ.